ಗಾಲಿ ಮನೆಯಿಂದ ಕಂಡ ಬೆದ್ದಲು ಸೀಮೆ

ಪರದೇಶ ತಿರುಗಿ ಬಂದ ಕತೆ ಕೃಷಿಕರ ಪತ್ರಿಕೆಗೆ ಯಾಕೆ ಅಂತ ನೀವು ಕೇಳಬಹುದು. ಬರೆಯಲು ಕೂತಾಗ ನಾನೂ ಅದನ್ನೇ ಕೇಳಿಕೊಂಡೆ. ಆದರೆ ನಾನು ಅಲ್ಲಿ ಸಮುದ್ರವನ್ನಾಗಲೀ ಎತ್ತರದ ಕಟ್ಟಡಗಳನ್ನಾಗಲೀ ಹೆಚ್ಚು ನೋಡಲಿಲ್ಲ. ಎಂಟು ದಿನ ಬೆದ್ದಲು ಹೊಲಗಳನ್ನೇ ನೋಡಿದೆ. ಮಳೆ ನಂಬಿ ಬದುಕಿದವರ ಮನೆ, ಮಳೆ ನಂಬಿ ಕೆಟ್ಟವರ ಮನೆ ಎರಡನ್ನೂ ನೋಡಿದೆ. ನಾನು ಓದಿದ್ದು ಏಳನೇ ಕ್ಲಾಸು. ಬರವಣಿಗೆಯಲ್ಲಿ ತಪ್ಪಿದ್ದರೆ ತಿದ್ದಿಕೊಂಡು ಓದಿ.

ನಮ್ಮದು ಚಳ್ಳಕೆರೆ ತಾಲ್ಲೂಕು. ಹದಿನಾಲ್ಕು ಎಕರೆ ಕೆಂಪು ಮಣ್ಣಿನ ಬೆದ್ದಲು. ಶೇಂಗಾ, ಸಜ್ಜೆ, ತೊಗರಿ ನಮ್ಮ ಬೆಳೆ. ಮಳೆ ವರ್ಷಕ್ಕೆ ಹದಿನೆಂಟು ಇಂಚಿನ ಆಸುಪಾಸು, ಅದೂ ಬಂದ ವರ್ಷ. 2022ರಲ್ಲಿ ಮಳೆ ಎಷ್ಟು ಬಂತೆಂದರೆ ಪಕ್ಕದ ಹಿರಿಯೂರಿನ ವಾಣಿವಿಲಾಸ ಸಾಗರ ಸೆಪ್ಟೆಂಬರಿನಲ್ಲಿ ಕೋಡಿ ಬಿತ್ತು. 1933ರ ನಂತರ ಅದೇ ಮೊದಲು. ಜನ ಗಾಡಿ ಕಟ್ಟಿಕೊಂಡು ನೋಡಲು ಹೋದರು, ನಾವೂ ಹೋದೆವು. ಆ ನೀರು ನೋಡಿ ಬಂದ ಮೇಲೆ ನಮ್ಮ ಮಗ ಒಂದು ಎಕರೆಗೆ ಅಡಿಕೆ ಹಾಕಿದ. ಹೊಸ ಬೋರಿನಲ್ಲಿ ಎರಡೂವರೆ ಇಂಚು ನೀರಿತ್ತು, ನಾನೂ ಬೇಡ ಅನ್ನಲಿಲ್ಲ. 2023ರಲ್ಲಿ ಬರ ಬಿತ್ತು. 2024ರ ಬೇಸಿಗೆಗೆ ಬೋರು ಗಾಳಿ ಉಗುಳತೊಡಗಿತು. ಏಪ್ರಿಲ್, ಮೇ ಎರಡು ತಿಂಗಳು ಟ್ಯಾಂಕರ್ ನೀರು ಕೊಂಡು ಹಾಕಿ ಗಿಡ ಉಳಿಸಿಕೊಂಡೆವು. ಆ ವರ್ಷದ ಶೇಂಗಾ ದುಡ್ಡೆಲ್ಲ ಟ್ಯಾಂಕರಿಗೇ ಹೋಯಿತು.

ಮುಂಗಾರು ಮತ್ತೆ ಚೆನ್ನಾಗಿ ಹಿಡಿಯಿತು. ಮಗ ಈಗ ಇನ್ನೂ ಮೂರು ಎಕರೆಗೆ ಅಡಿಕೆ ಅಂತ ಕೂತ. ನಾನು ಹೂಂ ಅನ್ನಲಿಲ್ಲ, ಉಹೂಂ ಅಂತಲೂ ಅನ್ನಲಿಲ್ಲ. ಈ ಮಾತು ಹಿಂಗೇ ನಿಂತಿದ್ದಾಗ ಆಸ್ಟ್ರೇಲಿಯಾದ ಅಡಿಲೇಡ್‌ನಲ್ಲಿರುವ ಮಗಳು–ಅಳಿಯ ಟಿಕೆಟ್ ಕಳಿಸಿದರು. ನಾನು, ನಮ್ಮ ಮನೆಯವಳು ಇಬ್ಬರೂ 2024ರ ಸೆಪ್ಟೆಂಬರ್ ಕೊನೆಗೆ ಹೊರಟೆವು.

ಆ ವಿಮಾನ ನಿಲ್ದಾಣದಲ್ಲಿ ಕಂಡ ಒಂದು ವಿಷಯ ರೈತರಿಗೆ ಹೇಳಲೇಬೇಕು. ಮಗಳ ಹಿತ್ತಲಿಗೆ ಅಂತ ನಮ್ಮ ಮನೆಯವಳು ಒಂದು ಬೊಗಸೆ ಅವರೆ ಬೀಜ ಗಂಟು ಕಟ್ಟಿದ್ದಳು. ಫಾರಂನಲ್ಲಿ ಬರೆದಿದ್ದರಿಂದ ದಂಡ ಹಾಕಲಿಲ್ಲ, ಆದರೆ ಬೀಜ ತೆಗೆದುಕೊಂಡುಬಿಟ್ಟರು. ನನ್ನ ಚಪ್ಪಲಿಯನ್ನು ತಿರುಗಿಸಿ ಅಟ್ಟೆಗೆ ಮಣ್ಣು ಅಂಟಿದೆಯಾ ಅಂತ ನೋಡಿದರು. ಹೊರಗಿನ ಹುಳ, ರೋಗ, ಕಳೆ ಬೀಜ ಒಳಗೆ ಬರಬಾರದು ಅಂತ ಅಷ್ಟು ಬಿಗಿ. ನಮ್ಮ ಹೊಲಗಳಿಗೆ ಪಾರ್ಥೇನಿಯಂ ಹೆಂಗೆ ಬಂತು ಅಂತ ಬಲ್ಲವರಿಗೆ ಇದು ಅತಿ ಅನ್ನಿಸಲಾರದು.

ಮೊಮ್ಮಗನಿಗೆ ಶಾಲೆ ರಜೆ. ಅಳಿಯ ಜೊತೆಯ ಕೆಲಸಗಾರರೊಬ್ಬರ ಕ್ಯಾರವಾನ್ ಎರವಲು ತಂದ. ಕ್ಯಾರವಾನ್ ಅಂದರೆ ಕಾರಿನ ಹಿಂದೆ ಕಟ್ಟಿ ಎಳೆದುಕೊಂಡು ಹೋಗುವ ಗಾಲಿ ಮನೆ. ಹಾಸಿಗೆ, ಗ್ಯಾಸ್ ಒಲೆ, ಸಣ್ಣ ಫ್ರಿಜ್, ಅಡಿಯಲ್ಲಿ ನೀರಿನ ಟ್ಯಾಂಕ್, ಒಂದು ಮೂಲೆಗೆ ಕಕ್ಕಸು. ಒಲೆಯಿಂದ ನಾಲ್ಕು ಹೆಜ್ಜೆಗೆ ಕಕ್ಕಸು ಕಂಡು ನಮ್ಮ ಮನೆಯವಳು, "ಇದನ್ನ ಮುಚ್ಚಿ ಬೀಗ ಹಾಕಿದ್ರೆ ಮಾತ್ರ ನಾನು ಒಲೆ ಹಚ್ಚೋದು" ಅಂದಳು. ಎಂಟು ದಿನವೂ ಅದಕ್ಕೆ ಬೀಗವೇ. ಪ್ರತಿ ಊರಿನಲ್ಲೂ ಪ್ರವಾಸಿಗರಿಗೆ ಶುಚಿಯಾದ ಕಕ್ಕಸು, ಸ್ನಾನದ ಮನೆ ಇದ್ದದ್ದರಿಂದ ತೊಂದರೆ ಆಗಲಿಲ್ಲ.

ಸಾಮಾನು ತುಂಬುವಾಗ ಅಳಿಯ, "ಮಾವ, ಭಾರ ಎಲ್ಲ ಗಾಲಿ ಮೇಲೆ ಬರಬೇಕು, ಹಿಂದಕ್ಕೆ ಹೆಚ್ಚಾದರೆ ದಾರಿಯಲ್ಲಿ ಬಾಲ ಅಲ್ಲಾಡಿಸುತ್ತೆ" ಅಂದ. ನಾವು ಎತ್ತಿನ ಗಾಡಿ ಹೇರುವಾಗ ಹಿಂಭಾರ, ಮುಂಭಾರ ನೋಡುವ ಲೆಕ್ಕವೇ. ಆ ಒಂದು ಕೆಲಸದಲ್ಲಿ ಮಾವನ ಮಾತು ನಡೆಯಿತು.

ಅಲ್ಲಿಯೂ ಗಾಡಿ ಎಡಕ್ಕೇ ಓಡುವುದು. ಸಂಜೆ ನಾಲ್ಕಕ್ಕೆಲ್ಲ ಎಲ್ಲಾದರೂ ನಿಲ್ಲಬೇಕು. ಹೊತ್ತು ಇಳಿದರೆ ಕಾಂಗರೂ, ಎಮು ಹಕ್ಕಿ ರಸ್ತೆಗೆ ಹಾರುತ್ತವೆ.

ಊರುಗಳು

ಅಡಿಲೇಡ್‌ನಿಂದ ಉತ್ತರಕ್ಕೆ ಸುಮಾರು 160 ಕಿ.ಮೀ. ಹೋದರೆ ಬರ್ರಾ. 1845ರಲ್ಲಿ ಅಲ್ಲಿ ತಾಮ್ರ ಸಿಕ್ಕಿತು. ಇಂಗ್ಲೆಂಡಿನಿಂದ ಗಣಿ ಕೆಲಸಗಾರರು ಸಂಸಾರ ಸಮೇತ ಬಂದರು. ಮನೆ ಸಾಲದೆ ಹಳ್ಳದ ದಡವನ್ನೇ ಕೊರೆದು ಗುಹೆ ಮಾಡಿಕೊಂಡು ಇದ್ದರು. ಹಳ್ಳ ಬಂದಾಗ ಓಡಿದರು. ಅಂಥ ಒಂದೆರಡು ಗುಹೆ ಈಗಲೂ ಇವೆ, ಒಳಗೆ ಹೊಕ್ಕು ನೋಡಿದೆ. 1877ರಲ್ಲಿ ಗಣಿ ನಿಂತಿತು. ಈಗ ಊರು ಕುರಿ, ಗೋಧಿ, ಪ್ರವಾಸಿಗರಿಂದ ನಡೆಯುತ್ತಿದೆ.

ಅಲ್ಲಿಂದ ಮುಂದೆ ಟೆರೋವಿ. ಒಂದು ಕಾಲಕ್ಕೆ ಅಗಲ ಹಳಿಯ ರೈಲು ಅಲ್ಲಿ ಮುಗಿದು ಕಿರಿದು ಹಳಿ ಶುರುವಾಗುತ್ತಿತ್ತು. ಎಲ್ಲ ಸರಕನ್ನೂ ಇಳಿಸಿ ಏರಿಸಬೇಕು, ಅದಕ್ಕೇ ಊರು ಬೆಳೆಯಿತು. 1942ರ ಮಾರ್ಚ್ 20ರಂದು ಅಮೆರಿಕದ ಸೇನಾಪತಿ ಮ್ಯಾಕ್‌ಆರ್ಥರ್ ಫಿಲಿಪ್ಪೀನ್ಸಿನಿಂದ ಬಂದು ಇಲ್ಲಿ ರೈಲು ಬದಲಿಸುವಾಗ, ತಾನು ಮತ್ತೆ ಅಲ್ಲಿಗೆ ಹಿಂತಿರುಗುತ್ತೇನೆ ಎಂದು ಪತ್ರಿಕೆಯವರಿಗೆ ಹೇಳಿದ್ದನಂತೆ. ಹಳಿ ಮುಂದಕ್ಕೆ ಹೋಯಿತು, ಊರು ಖಾಲಿಯಾಯಿತು. ಬೀದಿಯ ಎರಡೂ ಕಡೆ ಕಲ್ಲಿನ ಅಂಗಡಿಗಳು ಬಾಗಿಲು ಹಾಕಿ ನಿಂತಿವೆ.

ಪೀಟರ್‌ಬರೋದಲ್ಲಿ ಮೂರು ಅಳತೆಯ ಹಳಿ ಕೂಡುತ್ತಿದ್ದವು. ಈಗ ಅದು ರೈಲಿನ ವಸ್ತುಸಂಗ್ರಹಾಲಯ. ನಮ್ಮಲ್ಲೂ ಚಿಕ್ಕಜಾಜೂರು–ಚಿತ್ರದುರ್ಗ–ರಾಯದುರ್ಗ ಮೀಟರ್ ಗೇಜ್ ರೈಲಿನಲ್ಲಿ ಓಡಾಡಿದವನು ನಾನು. ಮೊಮ್ಮಗನಿಗೆ ಅಲ್ಲಿ ನಾನೇ ಗೈಡು.

ಈ ಊರುಗಳಲ್ಲಿ ಜನ ಕಡಿಮೆ. ಒಬ್ಬ ರೈತ ಬಿಟ್ಟ ಹೊಲವನ್ನು ಪಕ್ಕದವನು ಕೊಳ್ಳುತ್ತಾನೆ, ಅವನ ಮಿಷನ್ ದೊಡ್ಡದಾಗುತ್ತದೆ, ಊರಿನಲ್ಲಿ ಒಂದು ಮನೆ ಕಡಿಮೆಯಾಗುತ್ತದೆ. ಇಡೀ ದಿನ ಹೋದರೂ ಹೊಲದಲ್ಲಿ ಒಬ್ಬ ಆಳು ಬಗ್ಗಿ ಕೆಲಸ ಮಾಡುವುದು ಕಾಣಲಿಲ್ಲ. ಹಾಗಾಗಿ ಗಾಲಿ ಮನೆಯವರು ಬಂದರೆ ಊರಿನವರಿಗೆ ಹಬ್ಬ. ತಂಗಲು ಜಾಗ, ಕರೆಂಟು, ನೀರು ಕಡಿಮೆ ದರಕ್ಕೆ, ಕೆಲವು ಕಡೆ ಪುಕ್ಕಟೆಯಾಗಿ ಕೊಡುತ್ತಾರೆ. ಪ್ರವಾಸಿ ಅಲ್ಲಿಯ ಬೇಕರಿಯಲ್ಲಿ ಬ್ರೆಡ್ಡು, ಬಂಕಿನಲ್ಲಿ ಡೀಸೆಲ್ ಕೊಳ್ಳುತ್ತಾನೆ, ಅಷ್ಟು ಸಾಕು ಅವರಿಗೆ. ನಮ್ಮ ಪಕ್ಕದಲ್ಲಿ ತಂಗಿದ್ದವರಲ್ಲಿ ಹೆಚ್ಚಿನವರು ನಿವೃತ್ತರಾದ ಗಂಡ–ಹೆಂಡಿರು. ಮನೆಗೆ ಬೀಗ ಹಾಕಿ ತಿಂಗಳುಗಟ್ಟಲೆ ತಿರುಗುತ್ತಾರಂತೆ. "ಇವರಿಗೆ ಎಮ್ಮೆ ಕಟ್ಟೋರು ಯಾರೂ ಇಲ್ವಾ?" ಅಂತ ನಮ್ಮ ಮನೆಯವಳ ಪ್ರಶ್ನೆ.

ಗಾಯ್ಡರ್‌ನ ಗೆರೆ

ಇನ್ನು ನಾನು ಬರೆಯಬೇಕೆಂದಿದ್ದ ವಿಷಯಕ್ಕೆ ಬರುತ್ತೇನೆ.

ಬರ್ರಾ ದಾಟಿದ ಮೇಲೆ ಹೊಲಗಳ ನಡುವೆ ಹಾಳು ಮನೆಗಳು ಕಾಣಲು ಶುರುವಾದವು. ಒಂದಲ್ಲ ಎರಡಲ್ಲ. ಗಟ್ಟಿ ಕಲ್ಲಿನ ಗೋಡೆ, ಅಗ್ಗಿಷ್ಟಿಕೆ ಗೂಡು, ಮೇಲೆ ಸೂರಿಲ್ಲ. ಒಂದು ಮನೆ ಮುಂದೆ ಅಳಿಯ ಗಾಡಿ ನಿಲ್ಲಿಸಿದ. ಅದರ ಪಟ 1987ರಲ್ಲಿ ಮಿಡ್‌ನೈಟ್ ಆಯಿಲ್ ಎಂಬ ಹಾಡಿನ ತಂಡದ ಕ್ಯಾಸೆಟ್ಟಿನ ಮೇಲೆ ಬಂದು ಹೆಸರಾಯಿತಂತೆ. ಜನ ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ನನಗೆ ಫೋಟೋ ಬೇಡವಾಯಿತು. ಯಾರೋ ಒಬ್ಬ ಸಂಸಾರಸ್ಥ ಕಲ್ಲು ಹೊತ್ತು ಕಟ್ಟಿದ ಮನೆ ಅದು.

"ಇಷ್ಟೊಂದು ಮನೆ ಯಾಕೆ ಬಿಟ್ಟು ಹೋದ್ರು?" ಅಂದೆ. ಮುಂದೆ ರಸ್ತೆ ಬದಿಯಲ್ಲಿ 'ಗಾಯ್ಡರ್ಸ್ ಲೈನ್' ಅಂತ ಫಲಕ ಬಂತು. ಮಗಳು ಓದಿ ಹೇಳಿದಳು, ರಾತ್ರಿ ಅಳಿಯ ಇನ್ನಷ್ಟು ಹೇಳಿದ.

ಜಾರ್ಜ್ ಗಾಯ್ಡರ್ ಆ ರಾಜ್ಯದ ಸರ್ವೇ ಇಲಾಖೆಯ ಮುಖ್ಯಸ್ಥ. 1864–65ರಲ್ಲಿ ಉತ್ತರದ ಕುರಿ ಸೀಮೆಗೆ ಭಾರಿ ಬರ ಬಿತ್ತು. ಯಾರಿಗೆ ಪರಿಹಾರ ಕೊಡಬೇಕು, ಬರ ಎಲ್ಲಿಯವರೆಗೆ ಬಿದ್ದಿದೆ ನೋಡಿ ಬಾ ಅಂತ ಸರ್ಕಾರ ಅವನನ್ನು 1865ರಲ್ಲಿ ಕಳಿಸಿತು. ಕುದುರೆ ಮೇಲೆ ಸಾವಿರಾರು ಕಿ.ಮೀ. ತಿರುಗಿದ. ಅಲ್ಲಿ ಮಳೆಯ ಲೆಕ್ಕ ಇಟ್ಟವರು ಆಗ ಬಹಳ ಕಡಿಮೆ. ಅವನು ನೋಡಿದ್ದು ಗಿಡಗಳನ್ನು. ಮ್ಯಾಲಿ ಎಂಬ ಕುಳ್ಳ ನೀಲಗಿರಿ ಜಾತಿ ಎಲ್ಲಿ ಮುಗಿಯುತ್ತದೆ, ಉಪ್ಪುಗಿಡ ಎಂಬ ಬೂದು ಬಣ್ಣದ ಪೊದೆ ಎಲ್ಲಿ ಶುರುವಾಗುತ್ತದೆ, ಅಲ್ಲಿ ಗೆರೆ ಎಳೆದ. ಪಶ್ಚಿಮದಲ್ಲಿ ಸೆಡೂನ ಕಡೆಯಿಂದ ಪೂರ್ವದಲ್ಲಿ ವಿಕ್ಟೋರಿಯಾ ಗಡಿಯ ಪಿನ್ನರೂ ಕಡೆಗೆ ಹಾವಿನಂತೆ ಹೋಗುವ ಗೆರೆ. ದಕ್ಷಿಣಕ್ಕೆ ಬಿತ್ತಬಹುದು, ಉತ್ತರಕ್ಕೆ ಕುರಿ ಮೇಯಿಸಬಹುದು, ಮಳೆ ನಂಬಿ ಬಿತ್ತಬೇಡಿ ಎಂದ. ಆಮೇಲೆ ಮಳೆ ಅಳೆದವರು ಆ ಗೆರೆ ಹೆಚ್ಚುಕಡಿಮೆ ವರ್ಷಕ್ಕೆ ಹತ್ತರಿಂದ ಹನ್ನೆರಡು ಇಂಚು ಮಳೆಯ ಗೆರೆಗೆ ಸರಿಹೊಂದುತ್ತದೆ ಎಂದು ಕಂಡರು.

ನನ್ನ ಅಜ್ಜ ಹೊಲ ಕೊಳ್ಳುವಾಗ ಮಣ್ಣಿಗಿಂತ ಮೊದಲು ಬದುವಿನ ಗಿಡ ನೋಡುತ್ತಿದ್ದ. ಬಂದ್ರೆ, ತಂಗಡಿ ಇದ್ದರೆ ಒಂದು ಬೆಲೆ, ಹೊಂಗೆ ಸೊಂಪಾಗಿದ್ದರೆ ಇನ್ನೊಂದು ಬೆಲೆ. ಆದ್ದರಿಂದ ಈ ಗಾಯ್ಡರ್ ಮಾಡಿದ್ದು ನನಗೆ ಹೊಸದು ಅನ್ನಿಸಲಿಲ್ಲ. ಆ ನೆಲದ ಮೂಲನಿವಾಸಿಗಳಾದ ನಡ್ಜುರಿ ಜನರಿಗಂತೂ ಯಾವ ಗಿಡ ಇದ್ದಲ್ಲಿ ನೀರು ಎಷ್ಟು ಅಂತ ಅವನಿಗಿಂತ ಮೊದಲೇ ಗೊತ್ತಿದ್ದೀತು. ಅವರನ್ನು ಯಾರೂ ಕೇಳಿದಂತೆ ಕಾಣೆ.

ಓದುಗರೇ, ಹತ್ತು ಇಂಚಿಗೆ ಗೋಧಿಯೇ ಅಂತ ನೀವು ಅನ್ನಬಹುದು. ಅಲ್ಲಿ ಮಳೆ ಬರುವುದು ಚಳಿಗಾಲದಲ್ಲಿ, ಮೇಯಿಂದ ಅಕ್ಟೋಬರ್ ತನಕ. ಬಿಸಿಲು ಕಡಿಮೆ, ಬಿದ್ದ ನೀರು ಆರುವುದಿಲ್ಲ. ಮೇ ತಿಂಗಳಲ್ಲಿ ಬಿತ್ತಿ ನವೆಂಬರ್–ಡಿಸೆಂಬರಿನಲ್ಲಿ ಕೊಯ್ಯುತ್ತಾರೆ. ನಮ್ಮ ಹದಿನೆಂಟು ಇಂಚಿನಲ್ಲಿ ಎಷ್ಟೋ ಪಾಲು ಬಿಸಿಲೇ ಕುಡಿಯುತ್ತದೆ. ಇಂಚು ಇಂಚಿಗೆ ಹೋಲಿಸಬಾರದು.

ಗೆರೆ ಎಳೆದಾಯಿತು, ಆಮೇಲೆ ಏನಾಯಿತು? 1870ರ ದಶಕದಲ್ಲಿ ಸಾಲಾಗಿ ಒಳ್ಳೆಯ ಮಳೆ ವರ್ಷಗಳು ಬಂದವು. ಗೆರೆಯ ಆಚೆಯೂ ಹುಲ್ಲು ಎದೆಯುದ್ದ. ಜನ ಗಾಯ್ಡರ್‌ನನ್ನು ಆಡಿಕೊಂಡರು. ನೇಗಿಲು ಹೋದ ಕಡೆ ಮಳೆ ಹಿಂಬಾಲಿಸುತ್ತದೆ, ನೆಲ ಉತ್ತರೆ ಮಳೆಯೂ ಹೆಚ್ಚುತ್ತದೆ ಎಂಬ ಮಾತು ಆಗ ಎಲ್ಲರ ಬಾಯಲ್ಲಿ. ಹೊಸ ರೈತರಿಗೆ ಸಾಲದ ಮೇಲೆ ಜಮೀನು ಕೊಡುವುದನ್ನು 1872ರ ಕಾಯಿದೆ ಗೆರೆಯ ಈಚೆಗೆ ಮಾತ್ರ ಇಟ್ಟಿತ್ತು. ಒತ್ತಾಯಕ್ಕೆ ಮಣಿದು 1874ರಲ್ಲಿ ಸರ್ಕಾರ ಆ ಕಟ್ಟನ್ನು ತೆಗೆದುಹಾಕಿತು. ಜನ ನುಗ್ಗಿದರು. ಊರುಗಳ ನಕ್ಷೆ ಬಿದ್ದವು, ಶಾಲೆ, ಚರ್ಚು, ಹಿಟ್ಟಿನ ಗಿರಣಿ ಎದ್ದವು. 1880ರಿಂದ ಸಾಲು ಬರ. ಬಿತ್ತಿದ ಬೀಜವೂ ಹಿಂದಕ್ಕೆ ಬರಲಿಲ್ಲ. ಜನ ಸಾಲ ಹೊತ್ತು ದಕ್ಷಿಣಕ್ಕೆ ವಾಪಸಾದರು. ನಾನು ಕಂಡ ಹಾಳು ಮನೆಗಳಲ್ಲಿ ಬಹಳಷ್ಟು ಅವರವು.

ಆ ರಾತ್ರಿ ಒರೊರೂ ಊರಿನಲ್ಲಿ ತಂಗಿದ್ದೆವು. ಗೆರೆಯ ಮಗ್ಗುಲಲ್ಲೇ ಇರುವ ಊರು. ಅಲ್ಲಿ ಒಂದು ಭಾರಿ ನೀಲಗಿರಿ ಮರ ಇದೆ, ಐನೂರು ವರ್ಷಕ್ಕೂ ಹಳೆಯದು ಅನ್ನುತ್ತಾರೆ. ಬುಡದ ಸುತ್ತಳತೆ ಹತ್ತು ಮೀಟರಿಗೂ ಹೆಚ್ಚು. ನಮ್ಮಲ್ಲಿ ನೀರು ಕುಡಿಯುತ್ತದೆ ಅಂತ ಬೈಸಿಕೊಳ್ಳುವ ಜಾತಿಯ ಮರ ತನ್ನ ತವರಿನಲ್ಲಿ ಹಳ್ಳದ ಅಂಚು ಹಿಡಿದು ಎಷ್ಟು ಗಂಭೀರವಾಗಿ ನಿಂತಿತ್ತು!

ಟೈರು ಕೊಟ್ಟ ಗೆಳೆತನ

ಮಾರನೇ ದಿನ ಕ್ಯಾರಿಟನ್ ದಾರಿಯಲ್ಲಿ ಕ್ಯಾರವಾನ್‌ನ ಒಂದು ಟೈರು ಪಂಕ್ಚರ್. ಅಳಿಯನ ಜಾಕು ಕಾರಿಗೆ ಆಗುತ್ತಿತ್ತು, ಈ ಮನೆಯನ್ನು ಎತ್ತುತ್ತಿರಲಿಲ್ಲ. ಫೋನಿಗೆ ಸಿಗ್ನಲ್ ಇಲ್ಲ. ಅರ್ಧ ಗಂಟೆಗೆ ಒಬ್ಬ ರೈತ ತನ್ನ ಪಿಕಪ್ ಗಾಡಿಯಲ್ಲಿ ಬಂದ. ಕೇಳುವ ಮುಂಚೆಯೇ ಇಳಿದು ಜಾಕು ತೆಗೆದ. ನನ್ನ ವಯಸ್ಸಿಗಿಂತ ಹತ್ತು ವರ್ಷ ದೊಡ್ಡವನಿರಬೇಕು. ನಾನೂ ರೈತ ಅಂತ ಮಗಳು ಹೇಳಿದ ತಕ್ಷಣ ನನ್ನ ಅಂಗೈ ಹಿಡಿದು ನೋಡಿದ. ತನ್ನದನ್ನೂ ತೋರಿಸಿದ. ಆಮೇಲೆ ಮನೆಗೆ ಕರೆದುಕೊಂಡು ಹೋಗಿ ಚಹಾ ಕೊಟ್ಟ.

ಆ ವರ್ಷ ಅಲ್ಲಿಯೂ ಘೋರ ಬರ. ಗೋಧಿ ಗೇಣುದ್ದಕ್ಕೆ ತೆನೆ ಬಿಟ್ಟಿತ್ತು. ಕೊಯ್ಯುವ ಮಿಷನ್ನಿನ ಡೀಸೆಲ್ ಖರ್ಚೂ ಹುಟ್ಟದು ಅಂತ ಕುರಿ ಬಿಟ್ಟಿದ್ದ. ಕುರಿಗೆ ಹುಲ್ಲಿನ ಪೆಂಡಿಯನ್ನು ದೂರದಿಂದ ಕೊಂಡು ತಂದಿದ್ದ. ಮನೆ ಸುತ್ತ ದೊಡ್ಡ ದೊಡ್ಡ ತಗಡಿನ ಟ್ಯಾಂಕುಗಳು, ಮಾಡಿನ ಮೇಲೆ ಬಿದ್ದ ಮಳೆ ನೀರೆಲ್ಲ ಅದಕ್ಕೆ. ಕುಡಿಯುವುದು ಅದನ್ನೇ. ನೆಲದ ನೀರು ಉಪ್ಪು.

ಅವನ ಸಾಗುವಳಿ ಪದ್ಧತಿ ಕೇಳಿಕೊಂಡೆ. ನೆಲ ಉಳುವುದಿಲ್ಲ. ಹಿಂದಿನ ಬೆಳೆಯ ಕೂಳೆ ಹಾಗೇ ಬಿಟ್ಟು, ಕಿರಿದಾದ ಕುಳದಿಂದ ಗೀರಿ ಬೀಜ ಬಿಡುತ್ತಾನೆ. ಕೂಳೆಯಿಂದ ಮಣ್ಣು ಹಾರುವುದಿಲ್ಲ, ತೇವ ಉಳಿಯುತ್ತದೆ. ಕಳೆಗೆ ಮಾತ್ರ ಔಷಧಿ ಹೊಡೆದೇ ಹೊಡೆಯುತ್ತಾನೆ, ಅದು ನನಗೆ ಹಿಡಿಸಲಿಲ್ಲ. ಎರಡು ಜನ ಸಾವಿರ ಹೆಕ್ಟೇರಿಗೂ ಹೆಚ್ಚು ನೋಡುವಾಗ ಬೇರೆ ದಾರಿಯೂ ಇರಲಾರದು. ಷೆಡ್ಡಿನ ಮೂಲೆಯಲ್ಲಿ ಒಂದು ಹಳೇ ನೇಗಿಲು ಇತ್ತು. ಬೇರು, ಬೊಡ್ಡೆ ತಗುಲಿದರೆ ಕುಳ ತಾನಾಗಿ ಎದ್ದು, ದಾಟಿ, ಮತ್ತೆ ನೆಲಕ್ಕೆ ಇಳಿಯುತ್ತದೆ. ಮ್ಯಾಲಿ ಬೊಡ್ಡೆಗಳ ಕಾಟಕ್ಕೆ 1876ರಲ್ಲಿ ಆ ರಾಜ್ಯದವನೇ ಆದ ರಿಚರ್ಡ್ ಬೋಯರ್ ಸ್ಮಿತ್ ಮಾಡಿದ ಉಪಾಯ. ಕಲ್ಲು ಹೊಲದ ನಮಗೆ ಇಂಥದ್ದು ಆಗಲೇ ಸಿಕ್ಕಿದ್ದರೆ ಎಷ್ಟು ಕುಳ ಉಳಿಯುತ್ತಿತ್ತೋ.

ಅವನು ಒಂದು ಪುಸ್ತಕ ತಂದ. ಅಜ್ಜನ ಕಾಲದಿಂದ ಬರೆದ ಮಳೆ ಲೆಕ್ಕ. ದಿನಾ ಬೆಳಿಗ್ಗೆ ಒಂಬತ್ತಕ್ಕೆ ಅಂಗಳದ ಮಳೆ ಮಾಪಕ ನೋಡಿ ಬರೆದದ್ದು. ಮೂರು ತಲೆಯ ಕೈಬರಹ. ಮೇಲಿನ ಹೊಲ ತೋರಿಸಿ ಹೇಳಿದ: ಅಲ್ಲಿ ಅಜ್ಜ ಕುರಿ ಮಾತ್ರ ಬಿಡುತ್ತಿದ್ದ. ಅಪ್ಪನ ಕಾಲಕ್ಕೆ ಎರಡು ಮೂರು ವರ್ಷ ಮಳೆ ಸುರಿಯಿತು, ಅದನ್ನೂ ಉತ್ತು ಗೋಧಿ ಹಾಕಿದ. ಆಮೇಲಿನ ಬರದಲ್ಲಿ ಮೇಲ್ಮಣ್ಣು ಧೂಳಾಗಿ ಹೋಯಿತು. ಈಗ ಇವನು ಅಲ್ಲಿ ಮತ್ತೆ ಉಪ್ಪುಗಿಡವನ್ನೇ ನೆಟ್ಟಿದ್ದಾನೆ, ಕುರಿಗೆ ಮೇವು. "ಬರದಲ್ಲಿ ಅಪ್ಪ ತಪ್ಪು ಮಾಡಲಿಲ್ಲ, ಮಳೆ ಬಂದಾಗ ಮಾಡಿದ" ಅಂದನಂತೆ. ಮಗಳು ಅದನ್ನು ಕನ್ನಡದಲ್ಲಿ ಹೇಳಿ ನನ್ನ ಮುಖ ನೋಡಿದಳು. ಅವಳಿಗೆ ಮನೆಯ ಟ್ಯಾಂಕರ್ ಕತೆ ಗೊತ್ತು.

ಹಾಕರ್ ಊರು ತಲುಪಿದ ಮೇಲೆ ಸಿಗ್ನಲ್ ಬಂತು. ಮಗನ ಫೋನು. "ಅಪ್ಪಾ, ಹಸ್ತೆ ಮಳೆ ಹೊಡೀತಾ ಐತೆ. ಹಳ್ಳ ಹರೀತೈತೆ. ನರ್ಸರಿಯೋರು ಸಸಿ ಮುಗೀತಾವೆ ಅಂತಾರೆ. ಮುಂಗಡ ಕೊಡ್ಲಾ?"

"ನಾನು ಬರೋ ತನಕ ತಡಿ" ಅಂದೆ.

"ಬರೋ ತನಕ ಸಸಿ ಇರಲ್ಲ" ಅಂತ ಫೋನ್ ಇಟ್ಟ.

ಮಾರನೇ ದಿನ ಹಾಕರ್‌ನಿಂದ ಕ್ವಾರ್ನ್‌ಗೆ ಬರುವ ದಾರಿಯಲ್ಲಿ ಕನ್ಯಾಕಾ ನೋಡಿದೆವು. 1852ರಲ್ಲಿ ಶುರುವಾದ ಕುರಿ ಸಾಕಣೆಯ ಜಾಗ. ಶುರು ಮಾಡಿದ ಹುಡುಗ ಹ್ಯೂ ಪ್ರೋಬಿ ಅದೇ ವರ್ಷ ಹಳ್ಳದ ಪ್ರವಾಹಕ್ಕೆ ಸಿಕ್ಕಿ ಸತ್ತ, ಅಂಥ ಒಣ ಸೀಮೆಯಲ್ಲಿ! ಒಂದು ಕಾಲಕ್ಕೆ ಎಪ್ಪತ್ತು ಸಂಸಾರಗಳಿದ್ದ ಜಾಗವಂತೆ, 1860ರ ದಶಕದ ಬರಕ್ಕೆ ಸಾವಿರಾರು ಕುರಿ ಸತ್ತವು, ಕೊನೆಗೆ ಎಲ್ಲ ಬಿಟ್ಟು ಹೋದರು. ಆ ಬಯಲಿನಲ್ಲೇ ಗೋಧಿ ನಂಬಿ ಎದ್ದ ಗಾರ್ಡನ್, ವಿಲ್ಸನ್, ಹ್ಯಾಮಂಡ್ ಎಂಬ ಊರುಗಳೂ ಇದ್ದವು. ಈಗ ಹೆಸರು ಮಾತ್ರ ಉಳಿದಿದೆ ಅನ್ನಬೇಕು. ನಮ್ಮ ಮನೆಯವಳು ಒಂದು ಹಾಳು ಮನೆಯ ಒಲೆ ಗೂಡಿನ ಮುಂದೆ ನಿಂತು ಬಹಳ ಹೊತ್ತು ನೋಡಿದಳು. "ಇಲ್ಲಿ ಅಡುಗೆ ಮಾಡಿದೋಳು ಯಾವ ಊರಿಗೆ ಹೋದಳೋ" ಅಂದಳು. ನನಗೆ ಉತ್ತರ ಬರಲಿಲ್ಲ.

ವಿಲ್ಮಿಂಗ್ಟನ್, ಮೆಲ್ರೋಸ್ ಮೇಲೆ ಹಾದು ಹಿಂದಿರುಗಿದೆವು. ಮೆಲ್ರೋಸ್ ಬೆಟ್ಟದ ಬುಡ, ಮಳೆ ಹೆಚ್ಚು, ಹಸಿರು ಕಂಡಿತು.

ಊರಿಗೆ ಬಂದ ಮೇಲೆ

ಮಗ ಮುಂಗಡ ಕೊಟ್ಟಿರಲಿಲ್ಲ, ಆದರೆ ಮಾತೂ ಆಡಲಿಲ್ಲ. ಮೂರನೇ ದಿನ ರಾತ್ರಿ ಅವನ ಮುಂದೆ ಲೆಕ್ಕದ ಪುಸ್ತಕ ಇಟ್ಟು ಕೂತೆ. ಎಕರೆಗೆ ಐನೂರೈವತ್ತು ಗಿಡ, ಬೇಸಿಗೆಯಲ್ಲಿ ಡ್ರಿಪ್‌ನಲ್ಲೂ ಗಿಡಕ್ಕೆ ದಿನಕ್ಕೆ ಇಪ್ಪತ್ತು ಲೀಟರ್. ಅಂದರೆ ಎಕರೆಗೆ ಹನ್ನೊಂದು ಸಾವಿರ ಲೀಟರ್, ನಾಲ್ಕು ಎಕರೆಗೆ ನಲವತ್ತನಾಲ್ಕು ಸಾವಿರ. ನಮ್ಮ ಬೋರು ಎರಡೂವರೆ ಇಂಚಿನಲ್ಲಿ ಗಂಟೆಗೆ ಐದು ಸಾವಿರ ಕೊಟ್ಟು, ಏಳು ಗಂಟೆ ಕರೆಂಟು ತಪ್ಪದೆ ಬಂದರೂ ಮೂವತ್ತೈದು ಸಾವಿರ. ಅದೂ ತುಂಬಿದ ಬೋರಿನ ಲೆಕ್ಕ.

"ನಿನ್ನ ಲೆಕ್ಕ ಸರಿ ಅಪ್ಪಾ. ಶೇಂಗಾದಲ್ಲಿ ಏನು ಉಳೀತೈತೆ, ಅದರ ಲೆಕ್ಕಾನೂ ಹಾಕು" ಅಂದ. ಹಾಕಿದೆ. ಅವನ ಮಾತೂ ಸುಳ್ಳಲ್ಲ. ಕಳೆ, ಬೀಜ, ಆಳು ಕಳೆದರೆ ಮೂರು ಎಕರೆಯಲ್ಲಿ ಒಬ್ಬ ಹುಡುಗನ ಕಾಲೇಜು ಫೀಜೂ ಉಳಿಯುವುದಿಲ್ಲ. ಗಾಯ್ಡರ್‌ನ ಗೆರೆ ದಾಟಿ ಹೋದವರಿಗೂ ಈಚೆ ಕಡೆ ಬದುಕು ಸಾಲದ್ದಕ್ಕೇ ಹೋಗಿರಬೇಕು, ಬರೀ ಆಸೆಬುರುಕರು ಅಂತ ನಾನು ಹೇಳಲಾರೆ.

2025ರ ಜನವರಿಯಲ್ಲಿ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬಿತ್ತು. ಪಕ್ಕದ ಹೊಲದವರು ಐದು ಎಕರೆಗೆ ಅಡಿಕೆ ನೆಟ್ಟರು. ಮಗ ಅದನ್ನು ನನಗೆ ಎರಡು ಸಲ ಹೇಳಿದ.

ಸದ್ಯಕ್ಕೆ ಆದ ಒಪ್ಪಂದ ಇಷ್ಟು: ಇರುವ ಒಂದು ಎಕರೆ ಅಡಿಕೆ ಇರಲಿ. ಉಳಿದ ಮೂರು ಎಕರೆಗೆ 2025ರ ಮುಂಗಾರಿಗೆ ಸಜ್ಜೆ, ತೊಗರಿ. ಬದುವಿಗೆ ಹುಣಸೆ. ಅಂಗಳದಲ್ಲಿ ಒಂದು ಮಳೆ ಮಾಪಕ ನಿಲ್ಲಿಸಿದ್ದೇವೆ, ಬೆಳಿಗ್ಗೆ ಎಂಟೂವರೆಗೆ ನಾನು ಬರೆಯುತ್ತೇನೆ. ಬೋರು ಮಗನ ಪಾಲು. ಪ್ರತಿ ತಿಂಗಳು ಒಂದನೇ ತಾರೀಕು ಇನ್ನೂರು ಲೀಟರ್ ಡ್ರಮ್ಮು ಪೈಪಿಗೆ ಹಿಡಿದು, ತುಂಬಲು ಎಷ್ಟು ಹೊತ್ತು ಅಂತ ಗಡಿಯಾರ ನೋಡಿ ಗೋಡೆ ಮೇಲೆ ಬರೆಯುತ್ತಾನೆ. ಜನವರಿಯಲ್ಲಿ ಎರಡು ನಿಮಿಷ ಇಪ್ಪತ್ತು ಸೆಕೆಂಡು. ಮಾರ್ಚಿನಲ್ಲಿ ಮೂರೂವರೆ ನಿಮಿಷ. ಏಪ್ರಿಲ್ ಒಂದಕ್ಕೆ ಐದು ನಿಮಿಷ ಬರೆದು, ಸೀಮೆಸುಣ್ಣ ಕೆಳಗಿಟ್ಟು, ಏನೂ ಹೇಳದೆ ಎಮ್ಮೆಗೆ ನೀರು ತೋರಿಸಲು ಹೋದ.